ಸೋರಿದ ನೀರಿನ ಲೆಕ್ಕ ಯಾರದು?

ಮಲೆನಾಡಿನ ಗುಡ್ಡಗಳ ಮೇಲೆ ಕಳೆದ ಎರಡು ದಶಕಗಳಲ್ಲಿ ತಲೆಯೆತ್ತಿದ ರೆಸಾರ್ಟು, ಹೋಂಸ್ಟೇಗಳಲ್ಲಿ ಈಜುಕೊಳವುಳ್ಳವು ಕಡಿಮೆಯೇನಲ್ಲ. ಎದುರಿಗೇ ಹಳ್ಳ ಹರಿಯುತ್ತಿದ್ದರೂ ನೀಲಿ ಹೆಂಚಿನ ಕೊಳವೊಂದು ಇರಲೇಬೇಕೆಂಬುದು ಪ್ರವಾಸೋದ್ಯಮದ ಅಲಿಖಿತ ನಿಯಮವಾಗಿಬಿಟ್ಟಿದೆ. ಅಂಥ ಕೊಳದ ಬದಿಯಲ್ಲಿ, ಅತಿಥಿಗಳ ಕಣ್ಣಿಗೆ ಬೀಳದ ಪುಟ್ಟ ಕೋಣೆಯೊಳಗೆ, ಉಬ್ಬಿದ ಹೊಟ್ಟೆಯ ಹಂಡೆಯಂಥ ಪಾತ್ರೆಯೊಂದು ಕುಳಿತಿರುತ್ತದೆ. ಅದೇ ಫಿಲ್ಟರ್. ಅದು ಸೋರತೊಡಗಿದಾಗ ಮಾಲೀಕನ ಮುಂದೆ ಬರುವ ಪ್ರಶ್ನೆ ಸರಳವಾದುದು: ದುರಸ್ತಿ ಮಾಡಿಸಬೇಕೆ, ಹೊಸದನ್ನು ತರಬೇಕೆ? ಮಾರುವವನು ಹೊಸದೇ ಲೇಸೆನ್ನುತ್ತಾನೆ. ಮಾಲೀಕನು ಈ ಹಂಗಾಮು ಕಳೆಯಲಿ ಎಂದು ಸುಮ್ಮನಿರುತ್ತಾನೆ. ಈ ಎರಡು ಉತ್ತರಗಳಲ್ಲಿಯೂ ಗುಡ್ಡದ ಕೆಳಗಿನ ಊರಿನ ಮಾತು ಬರುವುದಿಲ್ಲ. ಸೋರುತ್ತಿರುವ ನೀರು ಮಾತ್ರ ಆ ಊರಿಗೂ ಸೇರಿದ್ದು.

ಯಂತ್ರವನ್ನು ಅರಿಯದೆ ಅದರ ಬಗ್ಗೆ ತೀರ್ಪು ನೀಡುವುದು ಸಲ್ಲದು. ಫಿಲ್ಟರಿನ ಒಡಲಲ್ಲಿರುವುದು ಮರಳು. ಅರ್ಧ ಮಿಲಿಮೀಟರಿನಷ್ಟು ಗಾತ್ರದ ಬೆಣಚುಕಲ್ಲಿನ ಕಣಗಳು. ಪಂಪು ಕೊಳದ ನೀರನ್ನು ಸೆಳೆದು ಪಾತ್ರೆಯ ಮೇಲ್ಭಾಗಕ್ಕೆ ಒತ್ತುತ್ತದೆ. ನೀರು ಮರಳಿನ ಸಂದುಗಳಲ್ಲಿ ಇಳಿಯುತ್ತ ತನ್ನ ಕೊಳೆಯನ್ನು ಅಲ್ಲಿಯೇ ಬಿಟ್ಟು, ತಳದ ಸೀಳುಗೊಳವೆಗಳ ಮೂಲಕ ತಿಳಿಯಾಗಿ ಕೊಳಕ್ಕೆ ಹಿಂದಿರುಗುತ್ತದೆ. ಕೊಳೆ ಕಟ್ಟಿದಷ್ಟೂ ಒತ್ತಡ ಏರುತ್ತದೆ. ಶುಭ್ರವಾಗಿದ್ದಾಗಿನ ಒತ್ತಡಕ್ಕಿಂತ ಮಾಪಕದ ಮುಳ್ಳು ಎಂಟು ಹತ್ತು ಪೌಂಡು ಮೇಲಕ್ಕೆ ಹೋದರೆ ನೀರನ್ನು ತಿರುಗುಮುರುಗಾಗಿ ಹಾಯಿಸಿ ಮರಳನ್ನು ತೊಳೆಯಬೇಕು. ಇದನ್ನು ಬ್ಯಾಕ್‌ವಾಶ್ ಎನ್ನುತ್ತಾರೆ. ಈ ದಿಕ್ಕುಗಳನ್ನೆಲ್ಲ ಬದಲಿಸುವುದು ಪಾತ್ರೆಯ ತಲೆಯ ಮೇಲೆ ಅಥವಾ ಪಕ್ಕದಲ್ಲಿ ಕೂರುವ ಹಿಡಿಯುಳ್ಳ ಕವಾಟ.

ಮರಳಿನಿಂದ ನೀರು ಸೋಸುವುದು ಆಟದ ವಿಷಯವಲ್ಲ. ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದಲ್ಲಿ 1804ರಲ್ಲಿ ಮೊದಲಾದ ಈ ಕ್ರಮದ ಬೆಲೆ ಜಗತ್ತಿಗೆ ತಿಳಿದದ್ದು 1892ರಲ್ಲಿ. ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದು ಕಾಲರಾಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಅದರ ಕೆಳಗಿನ ಅಲ್ಟೋನಾ, ಅದೇ ನದಿಯ ಇನ್ನೂ ಹೊಲಸಾದ ನೀರನ್ನು ಮರಳಿನಲ್ಲಿ ಸೋಸಿ ಕುಡಿದು ಬಹುಮಟ್ಟಿಗೆ ಪಾರಾಯಿತು. ಆದಕಾರಣ ಹತ್ತಾರು ಅಪರಿಚಿತರು ಇಳಿಯುವ ಕೊಳಕ್ಕೆ ಫಿಲ್ಟರೇ ಬೇಡವೆನ್ನುವ ವಾದವನ್ನು ಪರಿಸರದ ಹೆಸರಿನಲ್ಲಿ ಯಾರೂ ಮಾಡಬಾರದು.

ಸೋರಿಕೆಯಲ್ಲಿ ಜಾತಿಗಳುಂಟು. ಮಾಪಕದ ತಿರುಪಿನಲ್ಲಿ, ಗಾಳಿ ಬಿಡುವ ಗುಂಡಿಯಲ್ಲಿ ತೊಟ್ಟಿಕ್ಕುವ ಹನಿ ಮೊದಲನೆಯದು. ತಿರುಪಿಗೆ ಸುತ್ತುವ ಬಿಳಿಯ ಟೇಪಿನಿಂದ ಮುಗಿಯುವ ಕೆಲಸ. ಕವಾಟಕ್ಕೂ ಪಾತ್ರೆಗೂ ನಡುವಿನ ರಬ್ಬರಿನ ಬಳೆ ಗಡುಸಾಗಿ ಬಿರುಕುಬಿಟ್ಟರೆ ಅಲ್ಲಿ ನೀರು ಒಸರುತ್ತದೆ, ಬಳೆಯನ್ನು ಬದಲಿಸಿದರಾಯಿತು. ಈ ಎರಡೂ ಕಣ್ಣಿಗೆ ಕಾಣುವಂಥವು, ಆದ್ದರಿಂದ ಅಷ್ಟು ಅಪಾಯಕಾರಿಯಲ್ಲ. ಕೇಡು ಮಾಡುವುದು ಕಾಣದ ಸೋರಿಕೆ. ಕವಾಟದ ಒಳಗೆ ಜೇಡನ ಕಾಲುಗಳಂತೆ ಕವಲೊಡೆದ ರಬ್ಬರಿನ ಬಿಲ್ಲೆಯೊಂದಿದೆ. ಕೆಲಸಗಾರರು ಅದನ್ನು ಸ್ಪೈಡರ್ ಗ್ಯಾಸ್ಕೆಟ್ ಎನ್ನುತ್ತಾರೆ. ಪಂಪು ಓಡುತ್ತಿರುವಾಗಲೇ ಹಿಡಿಯನ್ನು ತಿರುಗಿಸುವ ಅವಸರದವರ ಕೈಯಲ್ಲಿ ಅದು ತಿರುಚಿ, ಎದ್ದು, ಹರಿದುಹೋಗುತ್ತದೆ. ಆಮೇಲೆ ಕೊಳದ ನೀರು ಸದ್ದಿಲ್ಲದೆ ತ್ಯಾಜ್ಯದ ಕೊಳವೆಗೆ ಜಾರತೊಡಗುತ್ತದೆ. ಆ ಕೊಳವೆಯ ಬಾಯಿ ಸಾಮಾನ್ಯವಾಗಿ ಬೇಲಿಯಾಚೆಯ ಕಣಿವೆಯಲ್ಲಿರುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಬಿಲ್ಲೆಯ ಹರಕಿನಿಂದ ಸೋಸದ ನೀರು ಮರಳನ್ನು ಮುಟ್ಟದೆಯೇ ಕೊಳಕ್ಕೆ ವಾಪಸಾಗುವುದೂ ಉಂಟು. ಆಗ ನೀರು ಕದಡುತ್ತದೆ, ಮಾಲೀಕ ಇನ್ನಷ್ಟು ಕ್ಲೋರಿನ್ ಸುರಿಯುತ್ತಾನೆ, ಕೊನೆಗೆ ಫಿಲ್ಟರೇ ಹಾಳಾಗಿದೆಯೆಂದು ಹೊಸದನ್ನು ಕೊಳ್ಳುತ್ತಾನೆ. ಕೆಲವು ನೂರು ರೂಪಾಯಿಗಳ ಬಿಲ್ಲೆಯೊಂದನ್ನು ಬದಲಿಸದ ತಪ್ಪಿಗೆ ಹಲವು ಸಾವಿರ ರೂಪಾಯಿಗಳ ಪಾತ್ರೆ ಗುಜರಿಗೂ ಬೇಡವಾಗಿ ಗುಡ್ಡದ ಹಿಂದೆ ಬೀಳುತ್ತದೆ. ಗಾಜಿನ ನಾರು ಮತ್ತು ಅಂಟಿನಿಂದ ಮಾಡಿದ ಆ ಪಾತ್ರೆಯನ್ನು ಕರಗಿಸಿ ಇನ್ನೊಂದು ಮಾಡುವ ಸುಲಭದ ದಾರಿಯಿಲ್ಲ. ಸುಟ್ಟರೆ ವಿಷದ ಹೊಗೆ.

ಹೊಸದನ್ನೇ ತರಬೇಕಾದ ಸಂದರ್ಭ ಮುಖ್ಯವಾಗಿ ಒಂದು. ಪಾತ್ರೆಯ ಒಡಲಿಗೇ ಬಿರುಕು ಬಿದ್ದಾಗ ಅಂಟು ಮೆತ್ತಿ, ಪಟ್ಟಿ ಸುತ್ತಿ ದಿನದೂಡುವುದು ಮಿತವ್ಯಯವಲ್ಲ, ಪಂಪು ಚಾಲೂ ಮಾಡುವ ಹುಡುಗನ ಜೀವದೊಡನೆ ಆಡುವ ಜೂಜು. ಇಂಥ ಪಾತ್ರೆಯೊಳಗಿನ ಒತ್ತಡ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕಿಲೋ, ಅಂದರೆ ಹತ್ತು ಮೀಟರು ಆಳದ ನೀರಿನ ಭಾರ. ಅಂಥ ಭಾರ ಎಂಥದೆಂಬುದನ್ನು ಅಂಕಿಗಳಿಗಿಂತ ಚೆನ್ನಾಗಿ ತಿಳಿಸಬಲ್ಲ ಸ್ಥಳವೊಂದು ಕರ್ನಾಟಕದಲ್ಲಿದೆ. ಮಲೆನಾಡಿನ ಶಾಲಾ ಮಕ್ಕಳು ಚಳಿಗಾಲದ ಪ್ರವಾಸದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿ ಮುಗಿಸಿ ಸಂಜೆಯ ಹೊತ್ತಿಗೆ ತಲುಪುವ ಕೂಡಲಸಂಗಮವೇ ಅದು.

ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಜಾಗದಲ್ಲಿ ಬಸವಣ್ಣನವರ ಐಕ್ಯಸ್ಥಳವಿದೆ. ಕೃಷ್ಣೆಯ ಕೆಳಹರಿವಿನಲ್ಲಿ, ನಾರಾಯಣಪುರದಲ್ಲಿ, 1982ರಲ್ಲಿ ಪೂರ್ಣಗೊಂಡ ಬಸವಸಾಗರ ಅಣೆಕಟ್ಟಿನ ಹಿನ್ನೀರು ಸಂಗಮವನ್ನು ಆವರಿಸಿತು. ಐಕ್ಯಲಿಂಗದ ಮಂಟಪವನ್ನು ಉಳಿಸಿಕೊಳ್ಳಲು ಅದರ ಸುತ್ತ ಬಾವಿಯಂಥ ಎತ್ತರದ ಗೋಡೆಯನ್ನು ಕಟ್ಟಲಾಯಿತು. ಭಕ್ತರು ಸೇತುವೆಯ ಮೇಲೆ ನಡೆದು ಹೋಗಿ, ಗೋಡೆಯ ಒಳಗೆ ಮೆಟ್ಟಿಲಿಳಿದು, ಜಲಾಶಯ ತುಂಬಿದ ದಿನಗಳಲ್ಲಿ ಸುತ್ತಲಿನ ನೀರಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ ನಿಂತು ಕೈಮುಗಿಯುತ್ತಾರೆ. ಹೊರಗಿನ ನೀರು ಒಂದೊಂದು ಮೀಟರು ಏರಿದಂತೆಯೂ ಚದರ ಮೀಟರಿಗೆ ಒಂದೊಂದು ಟನ್ನಿನಷ್ಟು ಒತ್ತಡ ಆ ಗೋಡೆಯ ಬುಡಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿ ಎಳೆಯ ಮಕ್ಕಳೂ ಕೇಳುವ ಪ್ರಶ್ನೆಯೆಂದರೆ, ಗೋಡೆ ಸೋರಿದರೆ? ಅಂಥ ಗೋಡೆಯನ್ನು ಬೇಕೆಂದಾಗ ಕಿತ್ತು ಹೊಸದಾಗಿ ಕಟ್ಟುವಂತಿಲ್ಲ. ನೋಡುತ್ತಿರಬೇಕು, ಸಂದು ಕಂಡಲ್ಲಿ ತುಂಬುತ್ತಿರಬೇಕು. ದುರಸ್ತಿಯೆಂಬುದು ಕೈಲಾಗದವರ ಕೆಲಸವೆಂದು ಬಗೆಯುವವರು ಆ ಮೆಟ್ಟಿಲುಗಳನ್ನೊಮ್ಮೆ ಇಳಿದು ಬರಬೇಕು.

ಕೂಡಲಸಂಗಮದ ಸೀಮೆ ಮಲೆನಾಡಿಗೆ ಪರಕೀಯವೂ ಅಲ್ಲ. ಅಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸಹ್ಯಾದ್ರಿಯ ಕಾಡಿನಲ್ಲಿ. ಸುಮಾರು 300 ಕಿಲೋಮೀಟರು ಹರಿದು ಅದು ಮುಟ್ಟುವ ಬಾದಾಮಿ–ಹುನಗುಂದದ ನೆಲಕ್ಕೆ ವರ್ಷದ ಮಳೆ ಅದರ ಐದನೆಯ ಒಂದು ಪಾಲು. ತೆರೆದ ನೀರಿನಿಂದ ಅಲ್ಲಿ ಆವಿಯಾಗಿ ಹೋಗುವುದು ಬೀಳುವ ಮಳೆಗಿಂತ ಎಷ್ಟೋ ಹೆಚ್ಚು. ಅಂಥ ನೆಲದಲ್ಲಿ ನೀರನ್ನು ನಿಲ್ಲಿಸಿ ಜನ ಈಜಿದ ಕೊಳಗಳು ಶತಮಾನಗಳಿಂದ ಇವೆ ಎಂಬುದೇ ಸೋಜಿಗ.

ಅವುಗಳಲ್ಲಿ ಮಹಾಕೂಟದ ವಿಷ್ಣುಪುಷ್ಕರಿಣಿಯನ್ನು ವಿಶೇಷವಾಗಿ ನೋಡಬೇಕು. ಬಾದಾಮಿಯಿಂದ ಗುಡ್ಡದಾಚೆ, ಮರಗಳ ನೆರಳಿನಲ್ಲಿ, ಚಾಲುಕ್ಯರ ಕಾಲದ ಗುಡಿಗಳ ನಡುವೆ ಕಲ್ಲು ಕಟ್ಟಿದ ಕೊಳ. ಮಂಗಳೇಶನ ಶಾಸನವುಳ್ಳ ಕಂಬವೂ ಇಲ್ಲಿಯದೇ. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಗುಡ್ಡದ ಬುಡದ ಒರತೆಯೊಂದು ಕೊಳವನ್ನು ತುಂಬುತ್ತಲೇ ಇರುತ್ತದೆ. ಸುತ್ತಲಿನ ಊರುಗಳ ಹುಡುಗರು ಕಟ್ಟೆಯಿಂದ ಧುಮುಕುತ್ತಾರೆ, ನೀರಿನ ಮಧ್ಯದ ಪುಟ್ಟ ಮಂಟಪದವರೆಗೆ ಈಜಿ ಅಲ್ಲಿನ ಬಹುಮುಖದ ಲಿಂಗವನ್ನು ಮುಟ್ಟಿ ಬರುತ್ತಾರೆ. ಪಂಪಿಲ್ಲ, ಹಂಡೆಯಿಲ್ಲ, ಕ್ಲೋರಿನ್ ಇಲ್ಲ. ನೀರು ತಕ್ಕಮಟ್ಟಿಗೆ ತಿಳಿಯಾಗಿಯೇ ಇರುತ್ತದೆ.

ಇದನ್ನು ಕಂಡು ‘ಗುಡ್ಡವೇ ಫಿಲ್ಟರ್’ ಎಂದು ಉದ್ಗರಿಸುವವರಿದ್ದಾರೆ. ಮಾತು ಸೊಗಸಾಗಿದೆ, ಆದರೆ ಪೂರ್ತಿ ನಿಜವಲ್ಲ. ಬಾದಾಮಿಯ ಮರಳುಗಲ್ಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಬೆಣಚುಮರಳು ಬಿಗಿದು ಗಟ್ಟಿಗೊಂಡ ಬಂಡೆ. ಫಿಲ್ಟರಿನ ಮರಳಿಗೂ ಅದಕ್ಕೂ ದ್ರವ್ಯ ಒಂದೇ ಎಂಬುದೇನೋ ಹೌದು. ಆದರೆ ಹೀಗೆ ಬಿಗಿದ ಬಂಡೆಯಲ್ಲಿ ನೀರು ಹೆಚ್ಚಾಗಿ ಇಳಿಯುವುದು ಬಿರುಕುಗಳಲ್ಲಿ, ಕಣಗಳ ನಡುವಿನ ಸಂದುಗಳಲ್ಲಲ್ಲ. ಬಿರುಕಿನಲ್ಲಿ ಬಂದ ನೀರು ಚೆನ್ನಾಗಿ ಸೋಸಿಕೊಂಡು ಬಂದಿದೆಯೆಂದು ಹೇಳಲಾಗದು. ಮಹಾಕೂಟದ ಕೊಳ ಹಸನಾಗಿರುವುದು ಅದು ಸೋರುವುದರಿಂದ. ಒಳಗೆ ಬಂದಷ್ಟೇ ನೀರು ಹೊರಗೆ ಹರಿಯುತ್ತದೆ. ಈಜಿದವರ ಕೊಳೆಯನ್ನು ಅದು ಒಯ್ಯುತ್ತಿರುತ್ತದೆ. ಒರತೆ ಸೊರಗಿದರೆ, ಇಲ್ಲವೆ ಅದು ಒಯ್ಯಲಾರದಷ್ಟು ಸಾಬೂನು, ಶಾಂಪೂ ಪೊಟ್ಟಣಗಳು ಕೊಳಕ್ಕೆ ಬಿದ್ದರೆ, ಈ ಪುಷ್ಕರಿಣಿಯೂ ಪಾಚಿಗಟ್ಟುವುದನ್ನು ಯಾವ ಪುಣ್ಯವೂ ತಪ್ಪಿಸಲಾರದು.

ಮಲೆನಾಡಿನವರಿಗೆ ಈ ಏರ್ಪಾಡು ಹೊಸದೇನಲ್ಲ. ಗುಡ್ಡದ ಅಬ್ಬಿಯ ನೀರನ್ನು ಅಡಿಕೆಯ ದಬ್ಬೆಯಲ್ಲಿ ಹಾಯಿಸಿ ಬಚ್ಚಲಿಗೆ ತಂದವರ ಮನೆಗಳಲ್ಲಿ ನೀರು ಹಗಲಿರುಳು ಸುರಿಯುತ್ತಿತ್ತು. ನಲ್ಲಿ ನಿಲ್ಲಿಸು ಎಂದು ಮಕ್ಕಳನ್ನು ಗದರುವ ಕಾರಣವೇ ಇರಲಿಲ್ಲ, ನಿಲ್ಲಿಸಲು ನಲ್ಲಿಯೇ ಇರಲಿಲ್ಲ. ತುಂಬಿ ಹೆಚ್ಚಾದದ್ದು ತೋಟದ ಕಾದಿಗೆಗೆ, ಅಲ್ಲಿಂದ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ. ಇಳಿಜಾರಿನ ನೀರು ಯಾರ ಪಾಲನ್ನೂ ಕದಿಯದೆ ತನ್ನ ದಾರಿಯಲ್ಲಿಯೇ ಸಾಗುತ್ತಿತ್ತು. ಇದೇ ಮಲೆನಾಡಿನ ದೌರ್ಬಲ್ಯವೂ ಆಯಿತೆನ್ನಬೇಕು. ಹರಿಯುವ ನೀರನ್ನು ಕಂಡು ಸಂಕಟಪಡುವ ಅಭ್ಯಾಸ ಇಲ್ಲಿನವರಿಗಿಲ್ಲ. ಕೊಳವೆಬಾವಿಯಿಂದ ಇನ್ನೂರು ಮುನ್ನೂರು ಅಡಿ ಮೇಲೆತ್ತಿದ ನೀರು ಕಣಿವೆಗೆ ಸೋರುತ್ತಿದ್ದರೂ ‘ಹೋಗಲಿ, ಹಳ್ಳಕ್ಕೇ ತಾನೇ’ ಎಂಬ ಉದಾರತೆ ಕಾಣುತ್ತದೆ. ಆ ಎರಡು ನೀರುಗಳು ಒಂದೇ ಅಲ್ಲ. ದಬ್ಬೆಯ ನೀರು ಹೇಗೂ ಅಲ್ಲಿಗೇ ಹೋಗಬೇಕಾಗಿದ್ದದ್ದು. ಕೊಳವೆಬಾವಿಯ ನೀರು ಏಪ್ರಿಲ್ ತಿಂಗಳಲ್ಲಿ ಕೆಳಮನೆಯ ಬಾವಿಯಲ್ಲಿ ಉಳಿಯಬೇಕಾಗಿದ್ದದ್ದು. ಅದಕ್ಕೆ ವಿದ್ಯುತ್ತು ಸುರಿದು, ಕ್ಲೋರಿನ್ ಬೆರೆಸಿ, ಮರಳಿನಲ್ಲಿ ಸೋಸಿ, ಆಮೇಲೆ ಚೆಲ್ಲಲಾಗುತ್ತಿದೆ.

ಎಷ್ಟು ಚೆಲ್ಲುತ್ತದೆ? ಹತ್ತು ಮೀಟರು ಉದ್ದ, ಐದು ಮೀಟರು ಅಗಲ, ಸರಾಸರಿ 1.4 ಮೀಟರು ಆಳದ ಸಾಧಾರಣ ಕೊಳವೊಂದನ್ನು ಎಣಿಕೆಗೆ ತೆಗೆದುಕೊಂಡರೆ ಅದರಲ್ಲಿ 70,000 ಲೀಟರು ನೀರಿರುತ್ತದೆ. ದಿನಕ್ಕೆ ಐದು ಮಿಲಿಮೀಟರು ಆವಿಯಾದರೆ ಹೋಗುವುದು 250 ಲೀಟರು. ಹರಿದ ಬಿಲ್ಲೆಯಿಂದ ನಿಮಿಷಕ್ಕೆ ಒಂದೇ ಲೀಟರು ಸೋರಿದರೂ, ಪಂಪು ಇಡೀ ದಿನ ಓಡುವಲ್ಲಿ, ಅದು 1,440 ಲೀಟರು. ಸೂರ್ಯ ಒಯ್ಯುವುದರ ಐದಾರು ಪಟ್ಟು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣ ಭಾರತದ ಪ್ರತಿಯೊಬ್ಬರಿಗೂ ದಿನಕ್ಕೆ ಕೊಡಬೇಕೆಂದು ಗೊತ್ತುಮಾಡಿದ ನೀರು 55 ಲೀಟರು. ಅಂದರೆ ಸ್ಪೈಡರ್ ಗ್ಯಾಸ್ಕೆಟ್ಟಿನ ಹರಕಿನಲ್ಲಿ 26 ಜನರ ನೀರು ಕಣಿವೆಗೆ ಇಳಿಯುತ್ತದೆ. ಸೋರದೆ ಇರುವ ಫಿಲ್ಟರೂ ಪೂರ್ತಿ ನಿರಪರಾಧಿಯಲ್ಲ. ವಾರಕ್ಕೊಮ್ಮೆ ನಾಲ್ಕು ನಿಮಿಷ ಬ್ಯಾಕ್‌ವಾಶ್ ಮಾಡಿದರೆ ಸುಮಾರು ಸಾವಿರ ಲೀಟರು ಹೊರಗೆ ಹೋಗುತ್ತದೆ. ವರ್ಷಕ್ಕೆ ಅದು ಕೊಳದ ಮುಕ್ಕಾಲು ಭಾಗ.

ಪ್ರಮಾಣಪ್ರಜ್ಞೆಯನ್ನು ಕಳೆದುಕೊಳ್ಳುವುದೂ ಬೇಡ. ಮಲಪ್ರಭೆಯ ಮೇಲೆ ನವಿಲುತೀರ್ಥದಲ್ಲಿರುವ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅದು ತುಂಬದ ವರ್ಷಗಳಲ್ಲಿ ಬಯಲಿನ ಕಣ್ಣು ನದಿಯ ಹುಟ್ಟೂರಿನತ್ತ ತಿರುಗುತ್ತದೆ. ಕಳಸಾ–ಬಂಡೂರಿ ಹಳ್ಳಗಳ ನೀರಿಗಾಗಿ ನರಗುಂದದಲ್ಲಿ 2015ರಿಂದ ರೈತರು ವರ್ಷಗಟ್ಟಲೆ ಧರಣಿ ಕುಳಿತದ್ದೂ, 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಆ ಹಳ್ಳಗಳಿಂದ 3.9 ಟಿಎಂಸಿ ತಿರುಗಿಸಿಕೊಳ್ಳಲು ಒಪ್ಪಿಗೆ ನೀಡಿದ್ದೂ ಓದುಗರಿಗೆ ತಿಳಿದಿದೆ. ಕಾಲುವೆ ಅಗೆದದ್ದು ಕಣಕುಂಬಿಯ ನೆಲದಲ್ಲಿ. ಒಂದು ಟಿಎಂಸಿಯೆಂದರೆ ಸುಮಾರು 2,831 ಕೋಟಿ ಲೀಟರು. ಮೇಲೆ ಹೇಳಿದಂಥ ಫಿಲ್ಟರುಗಳು ಐವತ್ತು ಸಾವಿರಕ್ಕೂ ಹೆಚ್ಚು ವರ್ಷವಿಡೀ ಸೋರಿದರೆ ಒಂದು ಟಿಎಂಸಿ ಆದೀತು. ಈಜುಕೊಳಗಳಿಂದ ನದಿ ಬತ್ತಿತೆಂದು ಕೂಗಿದರೆ ಕೇಳುವವರು ನಗುತ್ತಾರೆ, ನಗುವುದು ನ್ಯಾಯವೂ ಹೌದು. ಕಬ್ಬಿನ ಗದ್ದೆಗಳಿಗೆ ಹಾಯುವ ನೀರಿನ ಮುಂದೆ ಇದು ಲೆಕ್ಕಕ್ಕಿಲ್ಲ.

ಆದರೆ ಗುಡ್ಡದ ಜನರ ಬದುಕು ಟಿಎಂಸಿಯಲ್ಲಿ ಅಳೆಯುವಂಥದಲ್ಲ. ಅಲ್ಲಿಯದು ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಒರತೆ, ಒರತೆಯನ್ನು ನಂಬಿದ ಹತ್ತು ಮನೆ. ಬೇಸಿಗೆಯ ಕೊನೆಯಲ್ಲಿ ಅಂಥ ಒರತೆ ನಿಮಿಷಕ್ಕೆ ಐದಾರು ಲೀಟರಿಗೆ ಇಳಿದಿರುವಾಗ, ಅದೇ ಗುಡ್ಡದ ತಲೆಯ ಮೇಲೆ ನಿಮಿಷಕ್ಕೊಂದು ಲೀಟರು ಪೋಲಾಗುವುದು ಸಣ್ಣ ಮಾತಲ್ಲ. ರಾಜ್ಯದ ಲೆಕ್ಕದಲ್ಲಿ ಶೂನ್ಯವಾದದ್ದು ಕೇರಿಯ ಲೆಕ್ಕದಲ್ಲಿ ಐದನೆಯ ಒಂದು ಪಾಲಾಗಬಹುದು. ಇಂಥ ನೀರಿನ ಜಗಳಗಳು ಬೆಂಗಳೂರನ್ನು ಮುಟ್ಟುವುದಿಲ್ಲ, ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ಬೆಂಗಳೂರಿನ ಗಂಟಲೇ ಒಣಗಿದಾಗ ಮಾತು ಬೇರೆ. 2024ರ ಮಾರ್ಚಿನಲ್ಲಿ ಅಲ್ಲಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ನೀರನ್ನು ರಾಜಧಾನಿಯ ಕೊಳಗಳಲ್ಲಿ ತುಂಬಬಾರದೆಂದಾದರೆ, ಕೊಡಗಿನ ಗುಡ್ಡದ ಮೇಲೆಯೇ ತುಂಬುವಾಗ ಪ್ರಶ್ನೆಯೇಕೆ ಏಳುವುದಿಲ್ಲ?

ಸೋರಿದ್ದು ಬರಿಯ ನೀರಾಗಿದ್ದರೂ ಸಹಿಸಬಹುದಿತ್ತೇನೋ. ಕೊಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಿಸಿಲಿಗೆ ಅದು ಬೇಗ ಆರಿಹೋಗದಿರಲೆಂದು ಬೆರೆಸಿದ ಮತ್ತೊಂದು ರಾಸಾಯನಿಕವಿರುತ್ತದೆ. ಪಾಚಿ ಕೊಲ್ಲಲು ಹಾಕಿದ ಮೈಲುತುತ್ತವಿರುವುದೂ ಉಂಟು. ಬ್ಯಾಕ್‌ವಾಶಿನಲ್ಲಿ ಇವುಗಳ ಜೊತೆಗೆ ಮರಳು ಹಿಡಿದಿಟ್ಟ ಕೊಳೆಯೆಲ್ಲ ಒಮ್ಮೆಗೇ ಹೊರಬೀಳುತ್ತದೆ. ಮಳೆಗಾಲದ ತುಂಬು ಹಳ್ಳದಲ್ಲಿ ಇದು ಕರಗಿ ಹೋಗಬಹುದು. ಮಾರ್ಚ್ ತಿಂಗಳ ಹಳ್ಳದಲ್ಲಿ, ಮೀನುಮರಿಗಳು ಮೊಣಕಾಲುದ್ದದ ಗುಂಡಿಗಳಿಗೆ ಸೇರಿಕೊಂಡಿರುವಾಗ, ಸಾವಿರ ಲೀಟರು ಕ್ಲೋರಿನ್ ನೀರು ಒಂದೇ ಬಾರಿಗೆ ಇಳಿದರೆ ಆಗುವುದು ಬೇರೆ. ಚರ್ಮದಿಂದಲೂ ಉಸಿರಾಡುವ ಕಪ್ಪೆಗಳಿಗೆ ಓಡಲು ಜಾಗವೇ ಇರುವುದಿಲ್ಲ. ಅಡಿಕೆ ಬೆಳೆಗಾರರು ಕೊಳೆರೋಗಕ್ಕೆಂದು ಪ್ರತಿ ಮಳೆಗಾಲದಲ್ಲಿ ಬೋರ್ಡೊ ದ್ರಾವಣದ ರೂಪದಲ್ಲಿ ಸಿಂಪಡಿಸುವುದೂ ಇದೇ ಮೈಲುತುತ್ತವನ್ನೇ. ಆದ್ದರಿಂದ ರೆಸಾರ್ಟಿನವರತ್ತ ಬೆರಳು ತೋರಿಸುವಾಗ ತೋಟದವರು ತಮ್ಮ ಡ್ರಮ್ಮುಗಳನ್ನು ತೊಳೆಯುವ ಜಾಗವನ್ನೂ ನೆನೆದುಕೊಂಡರೆ ವಾದಕ್ಕೆ ತೂಕ ಹೆಚ್ಚು.

ಬ್ಯಾಕ್‌ವಾಶಿನ ನೀರಿಗೆ ಮದ್ದು ಕಷ್ಟದ್ದಲ್ಲ. ಹಳ್ಳದಿಂದ ದೂರದಲ್ಲಿ ಎರಡು ಸಾವಿರ ಲೀಟರು ಹಿಡಿಯುವ ತೆರೆದ ತೊಟ್ಟಿಯೊಂದನ್ನು ಕಟ್ಟಿ, ನೀರನ್ನು ಅಲ್ಲಿ ಬಿಸಿಲಿಗೆ ಬಿಡಬೇಕು. ಕೆಲವು ದಿನಗಳಲ್ಲಿ ಕೊಳೆ ತಳಕ್ಕೆ ಕೂರುತ್ತದೆ, ಕ್ಲೋರಿನ್ ಇಳಿಯುತ್ತದೆ. ಮೈಲುತುತ್ತ ಹಾಗೆ ಆರಿಹೋಗುವಂಥದಲ್ಲವಾದ್ದರಿಂದ ಅದನ್ನು ಕೊಳಕ್ಕೆ ಹಾಕದಿರುವುದೇ ಸರಿ. ತೊಟ್ಟಿಯ ನೀರನ್ನು ಪಟ್ಟಿ ಕಾಗದದಿಂದ ಪರೀಕ್ಷಿಸಿ ಹೂಗಿಡಗಳಿಗೆ ಹಾಯಿಸಬಹುದು. ಇಂಥ ತೊಟ್ಟಿಯಿಂದ ಇನ್ನೊಂದು ಲಾಭವೂ ಇದೆ: ತ್ಯಾಜ್ಯದ ಕೊಳವೆಯ ಬಾಯಿ ಕಣಿವೆಯಿಂದ ಕಣ್ಣೆದುರಿಗೆ ಬರುತ್ತದೆ. ಬ್ಯಾಕ್‌ವಾಶ್ ಇಲ್ಲದ ದಿನ ಅಲ್ಲಿ ನೀರು ಕಂಡರೆ ಬಿಲ್ಲೆ ಹರಿದಿದೆಯೆಂದೇ ಅರ್ಥ.

ಈಜುಕೊಳವೇ ಬೇಡವೆಂಬ ಕಡುನಿಲುವನ್ನು ಚಳವಳಿಯ ಕೆಲವು ಗೆಳೆಯರು ತಳೆದಿದ್ದಾರೆ. ನೀರಿಗೆ ಹೆದರದೆ ಈಜಲು ಕಲಿಯುವುದು ಮಕ್ಕಳ ಹಕ್ಕು; ಹಿನ್ನೀರು, ಹೊಳೆ, ಕ್ವಾರಿ ಹೊಂಡಗಳ ನಡುವೆ ಬೆಳೆಯುವ ಮಕ್ಕಳಿಗಂತೂ ಅದು ಪ್ರಾಣರಕ್ಷೆ. ತಾಲ್ಲೂಕು ಕೇಂದ್ರದಲ್ಲಿ ಶಾಲೆಗಳಿಗೆ ತೆರೆದ, ಒಳ್ಳೆಯ ಫಿಲ್ಟರುಳ್ಳ ಕೊಳವೊಂದಿದ್ದರೆ ಅದನ್ನು ವಿರೋಧಿಸುವುದು ಹಠಮಾರಿತನವಾದೀತು. ವಾರಾಂತ್ಯದ ನಾಲ್ಕು ಅತಿಥಿಗಳಿಗಾಗಿ ಗುಡ್ಡಕ್ಕೊಂದು ಕೊಳ ತೋಡುವುದು ಅದೇ ತಕ್ಕಡಿಗೆ ಬರುವುದಿಲ್ಲ.

ದುರಸ್ತಿಯ ಮನೋಧರ್ಮ ಬಯಲುಸೀಮೆಯಲ್ಲಿಯೂ ಎಲ್ಲೆಡೆ ಉಳಿದಿಲ್ಲವೆಂಬುದನ್ನು ಹೇಳದಿದ್ದರೆ ಚಿತ್ರ ಅಪೂರ್ಣ. ಬಾದಾಮಿಯ ಎರಡು ಬಂಡೆಗುಡ್ಡಗಳ ನಡುವಿನ ಅಗಸ್ತ್ಯತೀರ್ಥಕ್ಕೆ ಮಳೆಯ ದಿನಗಳಲ್ಲಿ ಗುಡ್ಡದ ನೀರು ಜಲಪಾತವಾಗಿ ಧುಮುಕುತ್ತದೆ; ಅದರ ಜೊತೆಗೇ ಹೂಳೂ ಬರುತ್ತದೆ, ಪೇಟೆಯ ಕಡೆಯಿಂದ ಸಾಬೂನೂ ಸೇರುತ್ತದೆ. ಬನಶಂಕರಿಯಲ್ಲಿ ಕಲ್ಲಿನ ಕಂಬಸಾಲು ಸುತ್ತುವರಿದ ಹರಿದ್ರಾತೀರ್ಥ ಬರಗಾಲದ ವರ್ಷಗಳಲ್ಲಿ ಬತ್ತಿ ನಿಂತದ್ದನ್ನು ಬನದ ಹುಣ್ಣಿಮೆಯ ಜಾತ್ರೆಗೆ ಬಂದವರು ಕಂಡಿದ್ದಾರೆ. ಕಟ್ಟೆ, ಕಂಬ, ಮೆಟ್ಟಿಲು ಎಲ್ಲ ನೆಟ್ಟಗಿದ್ದು ನೀರೊಂದೇ ಇಲ್ಲದ ಕೊಳ ಅದು. ಕಲ್ಲನ್ನು ಕಾಯುವುದಕ್ಕೆ ಇಲಾಖೆಗಳಿವೆ. ಕಲ್ಲಿಗೆ ನೀರು ತರುವ ಗುಡ್ಡದ ಹರಿವುಗಳನ್ನು, ಒರತೆಗಳ ಮೇಲಿನ ಕುರುಚಲು ಕಾಡನ್ನು ಕಾಯುವ ಹೊಣೆ ಯಾರಿಗೂ ಸೇರಿಲ್ಲ. ಮಲೆನಾಡಿನಲ್ಲಿ ಕಾಡೂ ಇದೆ, ಒರತೆಯೂ ಇದೆ. ಅವುಗಳ ಮೇಲೆ ಹಂಡೆಯನ್ನು ಕೂರಿಸುವ ಅವಸರ ಈಗಿನದು.

ಗ್ರಾಮ ಪಂಚಾಯಿತಿಗಳಿಗೆ ಇಲ್ಲಿ ಕೈಕಟ್ಟಿ ಕೂರುವ ಅಗತ್ಯವಿಲ್ಲ. ಕಟ್ಟಡಕ್ಕೂ ವಹಿವಾಟಿಗೂ ಪರವಾನಗಿ ಕೇಳಿ ಅರ್ಜಿ ಬರುವುದು ಅವುಗಳ ಮುಂದೆಯೇ. ಅಂತರ್ಜಲದ ನಿಯಂತ್ರಣಕ್ಕೆಂದು ರಾಜ್ಯದಲ್ಲಿ 2011ರ ಕಾಯಿದೆಯೂ ಇದೆ. ಕೊಳಕ್ಕೆ ನೀರು ಎಲ್ಲಿಂದ, ತೊಳೆದ ನೀರು ಎಲ್ಲಿಗೆ, ಕಳೆದ ವರ್ಷ ಫಿಲ್ಟರಿನ ಯಾವ ಭಾಗ ಯಾವಾಗ ಬದಲಾಯಿತು ಎಂಬ ಮೂರು ಸಾಲಿನ ಉತ್ತರವನ್ನು ನವೀಕರಣದ ಅರ್ಜಿಯ ಜೊತೆ ಕೇಳುವುದಕ್ಕೆ ಹೊಸ ಶಾಸನವೇನೂ ಬೇಕಿಲ್ಲ, ಗ್ರಾಮಸಭೆಯ ನಿರ್ಣಯವೊಂದು ಸಾಕು. ಬಿರುಕುಬಿಟ್ಟ ಪಾತ್ರೆಯನ್ನು ಬದಲಿಸಿದವರು ಹಳೆಯದನ್ನು ಎಲ್ಲಿ ಹಾಕಿದರೆಂಬುದನ್ನೂ ಕೇಳಬಹುದು.

ಉತ್ತರ ನಂಬುವಂತಿಲ್ಲವೆಂದಾದರೆ ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆಯೊಂದಿದೆ. ಮಾಲೀಕನ ಒಪ್ಪಿಗೆ ಪಡೆದು, ಶಿವರಾತ್ರಿ ಕಳೆದು ಬಿಸಿಲೇರುವ ಮುನ್ನ ಮಾಡುವುದು ಉತ್ತಮ. ಬಕೆಟ್ಟೊಂದರಲ್ಲಿ ಕೊಳದ ನೀರನ್ನೇ ತುಂಬಿ, ಕೊಳದ ಮೆಟ್ಟಿಲಿನ ಮೇಲೆ, ಅರ್ಧಕ್ಕಿಂತ ಹೆಚ್ಚು ಮುಳುಗುವಂತೆ ಇಡಬೇಕು. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೊಂದು, ಹೊರಗೆ ಕೊಳದ ಮಟ್ಟಕ್ಕೊಂದು ಗೆರೆ ಎಳೆದು, ಪಂಪು ನಿಲ್ಲಿಸಿ 24 ತಾಸು ಬಿಡಬೇಕು. ಆವಿ ಎರಡನ್ನೂ ಒಂದೇ ಸಮ ಇಳಿಸುತ್ತದೆ. ಹೊರಗಿನದು ಹೆಚ್ಚು ಇಳಿದಿದ್ದರೆ ಕೊಳವೇ ಸೋರುತ್ತಿದೆ. ಮರುದಿನ ಗೆರೆಗಳನ್ನು ಹೊಸದಾಗಿ ಎಳೆದು, ಪಂಪನ್ನು ಓಡಿಸುತ್ತ ಮತ್ತೆ 24 ತಾಸು ನೋಡಬೇಕು. ನಿಂತಾಗ ಕಾಣದ ಅಂತರ ಓಡುವಾಗ ಕಂಡರೆ ಸೋರಿಕೆ ಫಿಲ್ಟರಿನಲ್ಲಿ ಅಥವಾ ಅದರ ಕೊಳವೆಗಳಲ್ಲಿದೆ. ಮೇಲೆ ಹೇಳಿದ ಅಳತೆಯ ಕೊಳದಲ್ಲಿ ನಿಮಿಷಕ್ಕೊಂದು ಲೀಟರಿನ ಸೋರಿಕೆಗೆ ಈ ಅಂತರ ಸುಮಾರು 29 ಮಿಲಿಮೀಟರು ಬರುತ್ತದೆ. ಅಂತರವನ್ನು ಅಳೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ಮಾಲೀಕನಿಗೂ ಇನ್ನೊಂದನ್ನು ಪಂಚಾಯಿತಿಗೂ ಕೊಡಬೇಕು. ಬಿಲ್ಲೆ ಬದಲಿಸಿದ ಮೇಲೆ ಬಕೆಟ್ಟನ್ನು ಇನ್ನೊಮ್ಮೆ ಇಟ್ಟು ನೋಡಬೇಕು.